ಅಜ್ಜನ ಕಪ್ಪು ಸೈಕಲ್ಲು

ನಮ್ಮ ಮನೆಯ ಸೈಕಲ್ ಹುಚ್ಚು ಅಜ್ಜನಿಂದ ಬಂದದ್ದು. 1949ರಲ್ಲಿ ಮದರಾಸಿನಲ್ಲಿ ಶುರುವಾದ ಟಿ.ಐ. ಸೈಕಲ್ಸ್ ಕಂಪನಿಯ ಕಪ್ಪು ಹರ್ಕ್ಯುಲಿಸ್ ಅವರದು. 28 ಇಂಚಿನ ಚಕ್ರ, ಕಬ್ಬಿಣದ ಸರಳಿನ ಬ್ರೇಕು, ಸ್ಪ್ರಿಂಗಿನ ತೊಗಲು ಸೀಟು. ಎಂಟು ವರ್ಷದ ನನಗೆ ಆ ಸೀಟು ಎಟುಕುವುದೆಲ್ಲಿ? ಬಾರಿನ ಕೆಳಗೆ ಬಲಗಾಲು ತೂರಿಸಿ, ಎಡಗೈಲಿ ಹ್ಯಾಂಡಲ್ ಹಿಡಿದು, ಬಲಗೈಲಿ ಸೀಟನ್ನು ಅವುಚಿಕೊಂಡು ಒಳಪೆಡ್ಲು ಹೊಡೆದೇ ಕಲಿತೆ. ಅಪ್ಪ ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದರು; ಯಾವಾಗ ಕೈಬಿಟ್ಟರೋ ತಿಳಿಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಅದನ್ನು ತಲೆಕೆಳಗಾಗಿ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಚಕ್ರ ಓಲಾಡಿದರೆ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಸಡಿಲವಾದದ್ದನ್ನು ಸದ್ದಿನಿಂದಲೇ ಗುರುತಿಸುವರು. ಆ ಕಿವಿ ನನಗಿನ್ನೂ ಬಂದಿಲ್ಲ. ಆಯುಧಪೂಜೆಯ ದಿನ ಹ್ಯಾಂಡಲಿಗೆ ಸೇವಂತಿಗೆ ಹಾರ.

ಗೇರಿನ ಸೈಕಲ್ಲುಗಳನ್ನೂ ತುಳಿದಿದ್ದೇನೆ. ಹಗುರ, ಚುರುಕು, ನಿಜ. ಆದರೆ ಮಣ್ಣುದಾರಿಯ ಕುಲುಕಾಟವನ್ನು ಆ ಸ್ಪ್ರಿಂಗ್ ಸೀಟು ನುಂಗಿಕೊಂಡಷ್ಟು ಬೇರಾವುದೂ ನುಂಗಲಿಲ್ಲ.

ನಿಮ್ಮ ಹಿತ್ತಲಲ್ಲೂ ಇಂಥದೊಂದು ತುಕ್ಕು ಹಿಡಿಯುತ್ತ ನಿಂತಿದ್ದರೆ ಗುಜರಿಗೆ ಹಾಕಬೇಡಿ. ಚೈನಿಗೆ ಒಮ್ಮೆ ಎಣ್ಣೆ ಬಿಟ್ಟು ತುಳಿದು ನೋಡಿ.