ಮೈದಾನದ ಮೊದಲ ಪಾಠ: ವಿಲೆ ಪಾರ್ಲೆಯಲ್ಲಿ ಹೊಸ ವಾಸ್ತುಶಿಲ್ಪಿಯ ಕೆಲಸ

ವಿಲೆ ಪಾರ್ಲೆ ಪಶ್ಚಿಮದಿಂದ ಜುಹು ಕಡಲಿನತ್ತ ಹಬ್ಬಿರುವ, ಜನರ ಬಾಯಲ್ಲಿ ಜೆವಿಪಿಡಿ ಎಂದೇ ಆಗಿರುವ ಬಡಾವಣೆಯ ಆಸುಪಾಸಿನಲ್ಲಿ ಎರಡು ವಾಸ್ತುಶಿಲ್ಪ ಕಾಲೇಜುಗಳಿವೆ. 1992ರಲ್ಲಿ ಶುರುವಾದ, ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿದ ಕಮಲಾ ರಹೇಜಾ ವಿದ್ಯಾನಿಧಿ ಸಂಸ್ಥೆ ಒಂದು. ಎನ್‌ಎಂಐಎಂಎಸ್ ವಿಶ್ವವಿದ್ಯಾಲಯದ ಬಲವಂತ್ ಶೇಠ್ ಸ್ಕೂಲ್ ಆಫ್ ಆರ್ಕಿಟೆಕ್ಚರ್ ಇನ್ನೊಂದು. ಐದು ವರ್ಷದ ಬಿ.ಆರ್ಕ್ ಓದು, ನಡುವೆ ಯಾವುದಾದರೂ ಆಫೀಸಿನಲ್ಲಿ ಟ್ರೇನಿಂಗ್, ಕೊನೆಗೊಂದು ಥೀಸಿಸ್, ಆಮೇಲೆ 1972ರ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ: ಆರ್ಕಿಟೆಕ್ಟ್ ಎನಿಸಿಕೊಳ್ಳುವ ದಾರಿ ಇದು. ಈ ದಾರಿಯಲ್ಲಿ ಬರುವವರಿಗೆ ಆಟದ ಬಯಲು, ವಾಕಿಂಗ್ ದಾರಿ, ಬಡಾವಣೆಯ ಜನ ಕೂಡುವ ಜಾಗಗಳ ವಿನ್ಯಾಸದಲ್ಲಿ ಸಿಗುವ ಮೊದಲ ಅನುಭವ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಪರಿಶೀಲಿಸಲು ವಿಲೆ ಪಾರ್ಲೆ ತಕ್ಕ ಜಾಗ. ಕಲಿಯುವ ಕಾಲೇಜು, ಆಡುವ ಮೈದಾನ, ಕಾಸು ಕೊಟ್ಟು ಸೇರುವ ಕ್ರೀಡಾ ಸಂಕುಲ, ಹೊಸದಾಗಿ ರೂಪು ಪಡೆದ ನಾಲೆಯ ದಂಡೆ ಎಲ್ಲವೂ ಇಲ್ಲಿ ನಡೆದು ಹೋಗುವಷ್ಟು ಹತ್ತಿರದಲ್ಲಿವೆ.

ಮುಂಬೈಯಲ್ಲಿ ಬಯಲಿಗೇ ಬರ. ನಗರಗಳಲ್ಲಿ ತಲಾ ಹತ್ತು ಹನ್ನೆರಡು ಚದರ ಮೀಟರ್ ತೆರೆದ ಜಾಗ ಇರಬೇಕೆಂದು ಕೇಂದ್ರದ ನಗರ ಯೋಜನಾ ಮಾರ್ಗಸೂಚಿ ಹೇಳುತ್ತದೆ. ಮುಂಬೈಯವರ ಪಾಲಿಗಿರುವುದು ಒಂದು ಚದರ ಮೀಟರಿಗಿಂತ ತುಸು ಹೆಚ್ಚು. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 130 ಚದರ ಮೀಟರ್. ನೂರಕ್ಕೂ ಹೆಚ್ಚು ಜನರ ಪಾಲಿನ ಬಯಲನ್ನು ಒಟ್ಟುಗೂಡಿಸಿದರೆ ಹದಿನಾಲ್ಕು ಮಂದಿ ಆಡುವ ಒಂದು ಅಂಕಣವಾಗುತ್ತದೆ. ಖೋ ಖೋಗೆ 27 ಮೀಟರ್ ಉದ್ದ, 16 ಮೀಟರ್ ಅಗಲ ಬೇಕು. ಈ ಲೆಕ್ಕ ಗೊತ್ತಿದ್ದೇ ಮುಂಬೈಯ ಹುಡುಗರು ಒಂದು ಮೈದಾನದಲ್ಲಿ ಹಲವು ಪಂದ್ಯಗಳನ್ನು ಒಂದರೊಳಗೊಂದು ಹೆಣೆದು ಆಡುತ್ತಾರೆ. ಒಂದು ಆಟದ ಕವರ್ ಫೀಲ್ಡರ್ ಇನ್ನೊಂದು ಆಟದ ವಿಕೆಟ್ ಕೀಪರಿನ ಪಕ್ಕದಲ್ಲಿ ನಿಂತಿರುತ್ತಾನೆ. ಯಾವ ನಕ್ಷೆಯಲ್ಲೂ ಇಲ್ಲದ ಈ ಒಪ್ಪಂದವನ್ನು ಓದಲು ಕಲಿಯುವುದೇ ಇಲ್ಲಿನ ವಿನ್ಯಾಸಕನ ಮೊದಲ ಕೆಲಸ.

ಓದುವ ಈ ವಿದ್ಯೆಯನ್ನು ವಾಸ್ತುಶಿಲ್ಪ ಶಿಕ್ಷಣ ಚೆನ್ನಾಗಿಯೇ ಕಲಿಸುತ್ತದೆ. ಕಮಲಾ ರಹೇಜಾ ಸಂಸ್ಥೆ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆಯೊಂದಿಗೆ 2010ರಲ್ಲಿ ಧಾರಾವಿಯ ಬಗ್ಗೆ ಹೊರತಂದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಕೆಡವಿ ಕಟ್ಟಬೇಕಾದ ಕೊಳೆಗೇರಿಯೆಂದು ಸರ್ಕಾರಿ ಯೋಜನೆ ಕಂಡದ್ದನ್ನು ಅದು ದುಡಿಮೆಯ, ಬದುಕಿನ ಊರಾಗಿ ಕಂಡಿತು. ಮನೆಮನೆ ಅಳೆದು, ಯಾರು ಎಲ್ಲಿ ದುಡಿಯುತ್ತಾರೆ, ಎಲ್ಲಿ ಮಲಗುತ್ತಾರೆ, ಮಕ್ಕಳು ಎಲ್ಲಿ ಆಡುತ್ತಾರೆ ಎಂದು ಗುರುತು ಹಾಕಿಕೊಳ್ಳುವ ಈ ಬಗೆಯ ಸರ್ವೇ ಮಾಡಿದವರಿಗೆ ಖಾಲಿ ಜಾಗ ಎಂಬುದು ನಿಜಕ್ಕೂ ಖಾಲಿಯಲ್ಲ ಎಂಬ ಅರಿವು ಬರುತ್ತದೆ. ಆಟದ ಜಾಗದ ವಿನ್ಯಾಸಕ್ಕೆ ಇದಕ್ಕಿಂತ ದೊಡ್ಡ ಬಂಡವಾಳ ಬೇರೆ ಇಲ್ಲ.

ತೊಡಕು ಇರುವುದು ಕಾಲದ ವಿಷಯದಲ್ಲಿ. ಸ್ಟುಡಿಯೋ ಪ್ರಾಜೆಕ್ಟ್ ಒಂದು ಸೆಮಿಸ್ಟರಿಗೆ ಮುಗಿಯುತ್ತದೆ, ಟ್ರೇನಿಂಗ್ ಕೆಲವೇ ತಿಂಗಳು; ಮೈದಾನಕ್ಕೆ ಮಾತ್ರ ವರ್ಷ ತಿರುಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಕಾಣದೆ ಮುಂಬೈಯ ಯಾವ ಬಯಲನ್ನೂ ಕಂಡಂತಲ್ಲ. 2005ರ ಜುಲೈ 26ರಂದು ಪಕ್ಕದ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಮಳೆ 944 ಮಿಲಿಮೀಟರ್. ಇಲ್ಲಿನ ಮೈದಾನದಲ್ಲಿ ಮೊದಲು ವಿನ್ಯಾಸ ಮಾಡಬೇಕಾದದ್ದು ನೀರು ಹರಿಯುವ ಬಗೆಯನ್ನು. ಆಟದ ಗೆರೆಗಳು ಆಮೇಲೆ. 60 ಮೀಟರ್ ಅಗಲದ ಬಯಲನ್ನು ನಡುವೆ ಎತ್ತರಿಸಿ ಎರಡೂ ಕಡೆಗೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಸಿದರೆ ಅಂಚಿನಲ್ಲಿ 30 ಸೆಂಟಿಮೀಟರ್ ತಗ್ಗಾಗುತ್ತದೆ. ಓಡುವವನ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ, ನೀರು ಮಾತ್ರ ಸರಿಯಾಗಿ ದಾರಿ ಹಿಡಿದು ಹರಿಯುತ್ತದೆ. ಅದೇ ಅಂಚಿನಲ್ಲಿ ವಾಕಿಂಗ್ ಟ್ರ್ಯಾಕ್ ಎಂದು ಪೇವರ್ ಬ್ಲಾಕ್ ಹಾಸಿ ಕರ್ಬ್ ಎತ್ತರಿಸಿದರೆ ಹೊರಹೋಗಬೇಕಾದ ನೀರು ಅಲ್ಲೇ ನಿಂತು ಮೈದಾನ ವಾರಗಟ್ಟಲೆ ಕೆಸರಾಗಿ ಉಳಿಯುತ್ತದೆ. ಈ ತಪ್ಪು ಕಾಲೇಜಿನ ಜ್ಯೂರಿಗೆ, ಅಂದರೆ ಪ್ರಾಜೆಕ್ಟಿನ ಮೌಲ್ಯಮಾಪನಕ್ಕೆ, ಗೋಡೆಯ ಮೇಲೆ ಅಂಟಿಸಿದ ಡ್ರಾಯಿಂಗಿನಲ್ಲಿ ಕಾಣಿಸುವುದಿಲ್ಲ. ಅಲ್ಲಿ ಹುಲ್ಲು ಯಾವಾಗಲೂ ಹಸಿರು. ಮಳೆಗಾಲದ ಕೆಸರಿನಲ್ಲೇ ಆಡುವ ಕಾಂಗಾ ಲೀಗ್ ಕ್ರಿಕೆಟ್ಟನ್ನು 1948ರಿಂದ ನಡೆಸಿಕೊಂಡು ಬಂದ ಊರಿನಲ್ಲಿ ವಿದ್ಯಾರ್ಥಿಯ ಮಾಡೆಲಿನಲ್ಲಿ ಮಳೆಯೇ ಬಾರದಿರುವುದು ಸಣ್ಣ ಲೋಪವಲ್ಲ.

ಆಟದ ಸೌಕರ್ಯ ಎಂದೊಡನೆ ಹೊಸಬರ ಕಣ್ಣೆದುರು ಬರುವುದು ಕಟ್ಟಡ. ವಿಲೆ ಪಾರ್ಲೆ ಪೂರ್ವದ ಪ್ರಬೋಧನಕಾರ್ ಠಾಕ್ರೆ ಕ್ರೀಡಾ ಸಂಕುಲ ಆ ಬಗೆಯದು. ಮುಂಬೈಯ ಮೇಯರ್ ಆಗಿದ್ದ ಡಾ. ರಮೇಶ್ ಪ್ರಭು ಅವರ ಮುತುವರ್ಜಿಯಿಂದ ಬೆಳೆದ ಈ ಸಂಕುಲದಲ್ಲಿ ಒಲಿಂಪಿಕ್ ಅಳತೆಯ ಈಜುಕೊಳವಿದೆ. ಕೋಚ್ ಇಲ್ಲದೆ, ನೀರಿನ ಶುದ್ಧೀಕರಣವಿಲ್ಲದೆ, ಜೀವರಕ್ಷಕರಿಲ್ಲದೆ ನಡೆಯದ ಆಟ ಈಜು. ಅದಕ್ಕೆ ಸದಸ್ಯತ್ವ, ಶುಲ್ಕ, ಬ್ಯಾಚುಗಳ ವೇಳಾಪಟ್ಟಿ ಬೇಕೇ ಬೇಕು. ಆ ಮಟ್ಟಿಗೆ ಸಂಕುಲದ ಮಾದರಿ ನ್ಯಾಯವಾದದ್ದು. ಅದೇ ಮಾದರಿಯನ್ನು ಕಬಡ್ಡಿಗೂ ಟೆನಿಸ್ ಬಾಲ್ ಕ್ರಿಕೆಟ್ಟಿಗೂ ಎಳೆದಾಗ ನಷ್ಟ ಶುರುವಾಗುತ್ತದೆ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಬಲೆ ಕಟ್ಟಿದ ಟರ್ಫ್‌ಗಳು ಈಗ ಉಪನಗರಗಳ ತುಂಬ ಇವೆ. ಟರ್ಫ್ ಮಳೆಯಲ್ಲೂ ಆಡಿಸುತ್ತದೆ, ರಾತ್ರಿಯೂ ಆಡಿಸುತ್ತದೆ. ಕಾಸಿಲ್ಲದ ಹುಡುಗನನ್ನು ಮಾತ್ರ ಯಾವ ಹೊತ್ತಿನಲ್ಲೂ ಆಡಿಸುವುದಿಲ್ಲ. ಹೊಸ ಆರ್ಕಿಟೆಕ್ಟನ ಕೈಗೆ ಕ್ರೀಡೆಯ ಹೆಸರಿನಲ್ಲಿ ಸುಲಭವಾಗಿ ಬರುವ ಕೆಲಸ ಇಂಥದೇ ಆದ್ದರಿಂದ ಈ ವ್ಯತ್ಯಾಸ ಅವನಿಗೆ ಶುರುವಿನಲ್ಲೇ ತಿಳಿದಿರಬೇಕು. ಮುಂಬೈಯ ತುಳು ಕನ್ನಡ ಸಂಘಗಳಿಗೂ ಇದು ತಟ್ಟುವ ವಿಷಯ. ಹಗ್ಗಜಗ್ಗಾಟ, ತ್ರೋಬಾಲ್, ಮಕ್ಕಳ ಓಟ, ಹಿರಿಯರ ನಡಿಗೆ ಎಲ್ಲ ಒಂದೇ ದಿನ ನಡೆಯುವ ಅವುಗಳ ವಾರ್ಷಿಕ ಕ್ರೀಡಾಕೂಟಕ್ಕೆ ಬೇಕಾದದ್ದು ಬಲೆಯೊಳಗಿನ ಟರ್ಫ್ ಅಲ್ಲ, ಅಂಚಿನಲ್ಲಿ ಮನೆಮಂದಿ ಕೂತು ಉಣ್ಣಬಹುದಾದ ಬಯಲು.

ಇರ್ಲಾ ನಾಲೆಯ ಕೆಲಸ ಸಂಕುಲ, ಟರ್ಫ್‌ಗಳ ಮಾದರಿಗೆ ಎದುರಾದ ದಾರಿ. ಜುಹು ಮತ್ತು ವಿಲೆ ಪಾರ್ಲೆಯ ಬಡಾವಣೆಗಳ ಬೆನ್ನಿಗೆ ಹರಿಯುವ ಈ ಮಳೆನೀರ ನಾಲೆ ಕಸ ಸುರಿಯುವ ಹಿತ್ತಿಲಾಗಿತ್ತು. ವಾಸ್ತುಶಿಲ್ಪಿ ಪಿ.ಕೆ. ದಾಸ್ ಅವರು ಜುಹುವಿನ ನಾಗರಿಕ ಗುಂಪುಗಳೊಂದಿಗೆ ಸೇರಿ ಅದರ ದಂಡೆಯನ್ನೇ ನಡೆಯುವ, ಕೂರುವ, ಗಿಡಮರದ ನೆರಳಿನ ಸಾರ್ವಜನಿಕ ಜಾಗವನ್ನಾಗಿಸುವ ಯೋಜನೆ ಮಾಡಿದರು. ರಾಜ್ಯಸಭಾ ಸದಸ್ಯರಾಗಿದ್ದ ಜಾವೇದ್ ಅಖ್ತರ್ ಅವರ ಸಂಸದರ ನಿಧಿಯಿಂದ ಹಣ ಬಂತು. ಕೈಫಿ ಆಜ್ಮಿ ಪಾರ್ಕಿನ ಆಸುಪಾಸಿನಿಂದ ಹಂತಹಂತವಾಗಿ ಕೆಲಸ ನಡೆಯಿತು. 2012ರ ‘ಓಪನ್ ಮುಂಬೈ’ ಪ್ರದರ್ಶನದಲ್ಲಿ ದಾಸ್ ಇಡೀ ನಗರದ ನಾಲೆ, ನದಿ, ಕಡಲ ದಂಡೆಗಳನ್ನು ಇದೇ ಬಗೆಯಲ್ಲಿ ಹೆಣೆಯಬಹುದೆಂದು ತೋರಿಸಿದ್ದರು. ಹೊಸ ಜಾಗ ಹುಡುಕದೆ, ನಗರ ಬೆನ್ನು ತಿರುಗಿಸಿದ್ದ ಜಾಗಕ್ಕೆ ಮುಖ ತಿರುಗಿಸುವುದು ಈ ಯೋಜನೆಯ ಹೆಚ್ಚುಗಾರಿಕೆ. ಇದರ ಮಿತಿಯನ್ನೂ ಹೇಳಬೇಕು. ದಂಡೆಯ ದಾರಿ ಉದ್ದ ಹೆಚ್ಚು, ಅಗಲ ಕಡಿಮೆ. ನಡೆಯುವವರಿಗೆ, ಕೂರುವವರಿಗೆ ಅದು ವರ, ಚೆಂಡು ಆಡುವವರಿಗೆ ಅಷ್ಟಕ್ಕಷ್ಟೆ. ನಾಲೆಯ ನೀರು ಶುದ್ಧವಾಗದೆ ದಂಡೆ ಎಷ್ಟು ಚೆಂದವಾದರೂ ಮೂಗು ಅದನ್ನು ಒಪ್ಪುವುದಿಲ್ಲ. ಚರಂಡಿ ಇಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ಬೇರೆ ಬೇರೆ ಟೇಬಲ್ಲಿನ ಕೆಲಸಗಳೆಂದು ನಂಬಿ ಬಂದ ವಿದ್ಯಾರ್ಥಿಗೆ ಇರ್ಲಾ ನಾಲೆಯೇ, ಕಾಲೇಜಿನ ಹತ್ತಿರದಲ್ಲಿರುವ ತೆರೆದ ಪಠ್ಯ.

ಕಾಲೇಜು ಮುಗಿಸಿ ಆಫೀಸು ಸೇರಿದವರಿಗೆ ಸಿಗುವ ಕೆಲಸವೇ ಬೇರೆ. ವಿಲೆ ಪಾರ್ಲೆಯ ಹಳೆಯ ಸೊಸೈಟಿಗಳು ಸಾಲುಸಾಲಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ವಿಮಾನಗಳು ಏರಿಳಿಯುವ ದಾರಿಯಾದ ವಿಮಾನ ನಿಲ್ದಾಣದ ಫನಲ್ ವಲಯದಲ್ಲಿ ಎತ್ತರಕ್ಕೆ ಮಿತಿ ಇರುವುದರಿಂದ ನೆಲದ ಒಂದೊಂದು ಅಡಿಗೂ ಎಳೆದಾಟ. ಸಾವಿರ ಚದರ ಮೀಟರಿಗಿಂತ ದೊಡ್ಡ ಪ್ಲಾಟಿನಲ್ಲಿ ವಿಸ್ತಾರಕ್ಕೆ ತಕ್ಕಂತೆ ಶೇಕಡಾ 15ರಿಂದ 25ರಷ್ಟು ಜಾಗವನ್ನು ವಿಹಾರಕ್ಕೆ ಬಿಡಬೇಕೆಂಬುದು ಮುಂಬೈಯ ನಿಯಮ. ಆಫೀಸಿನ ಮಾತಿನಲ್ಲಿ ಅದು ‘ಆರ್‌ಜಿ’, ಅಂದರೆ ರಿಕ್ರಿಯೇಷನ್ ಗ್ರೌಂಡ್. ಆರ್‌ಜಿ ಲೆಕ್ಕ ಹೊಂದಿಸುವುದು ಸಾಮಾನ್ಯವಾಗಿ ಹೊಸದಾಗಿ ಸೇರಿದವರ ಪಾಲಿಗೆ ಬರುವ ಕೆಲಸ. ಮಕ್ಕಳು ಎಲ್ಲಿ ಆಡುತ್ತಾರೆ ಎಂದು ಧಾರಾವಿಯಂಥ ಕಡೆ ಗುರುತು ಹಾಕುತ್ತಿದ್ದ ಕೈಯೇ ಈಗ ಕಾರುಗಳ ರ‍್ಯಾಂಪಿನ ಪಕ್ಕ ಉಳಿದ ತುಂಡುಗಳನ್ನು ಕೂಡಿಸಿ ಶೇಕಡಾವಾರು ತೋರಿಸಬೇಕು. ಪಾರ್ಕಿಂಗಿನ ಮೇಲಿನ ಪೋಡಿಯಂ ತಾರಸಿಯನ್ನೇ ಆಟದ ಜಾಗವೆಂದು ಎಣಿಸುವ ರೂಢಿ ಬೆಳೆದಾಗ, ಕಡ್ಡಾಯದ ವಿಹಾರ ಜಾಗ ನೆಲದ ಮೇಲೇ ಇರಬೇಕೆಂದು ಕೊಹಿನೂರ್ ಸಿಟಿಎನ್‌ಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಡಿಸೆಂಬರ್‌ನಲ್ಲಿ ಹೇಳಬೇಕಾಯಿತು. ಮರ ಬೇರು ಬಿಡಲು, ಮಳೆನೀರು ಇಂಗಲು ಮಣ್ಣೇ ಬೇಕು ಎಂಬ ಸರಳ ಸಂಗತಿ ನ್ಯಾಯಾಲಯದವರೆಗೆ ಹೋಯಿತೆಂದರೆ, ಡ್ರಾಯಿಂಗ್ ಬೋರ್ಡಿನ ಮುಂದೆ ಕೂತ ಕಿರಿಯರಿಗೆ ಅದನ್ನು ಹೇಳುವ ಧೈರ್ಯವನ್ನು ಯಾರೂ ಕೊಟ್ಟಿರಲಿಲ್ಲ ಎಂದೇ ಅರ್ಥ.

ವೃತ್ತಿಯ ಆರಂಭದಲ್ಲೇ ಆಟದ ಜಾಗವನ್ನು ಗಂಭೀರವಾಗಿ ಹಿಡಿದವರ ದೊಡ್ಡ ಉದಾಹರಣೆ ಆಮ್‌ಸ್ಟರ್‌ಡ್ಯಾಂನ ಆಲ್ಡೊ ವಾನ್ ಐಕ್. ನಗರಾಡಳಿತದ ಕಚೇರಿಯಲ್ಲಿ ಕಿರಿಯ ಉದ್ಯೋಗಿಯಾಗಿದ್ದಾಗ, 1947ರಲ್ಲಿ, ಮೂವತ್ತರೊಳಗಿನ ವಯಸ್ಸಿನಲ್ಲಿ ಅವರು ಮೊದಲ ಆಟದ ಅಂಗಳ ಮಾಡಿದರು. ಮುಂದಿನ ಮೂರು ದಶಕಗಳಲ್ಲಿ ಅವು ಏಳುನೂರು ದಾಟಿದವು. ಮರಳುಗುಂಡಿ, ಲಾಗ ಹಾಕುವ ಕಂಬಿ, ಹಾರಿ ದಾಟುವ ಕಲ್ಲುಗಳು ಬಿಟ್ಟರೆ ಅಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ನಮ್ಮ ಬೀದಿಗೂ ಒಂದು ಬೇಕೆಂದು ನಿವಾಸಿಗಳು ಪತ್ರ ಬರೆಯುತ್ತಿದ್ದರು, ನಗರಸಭೆ ಮಾಡಿಕೊಡುತ್ತಿತ್ತು. ಅವರ ಪ್ರತಿಭೆಯಷ್ಟೇ ಮುಖ್ಯವಾದದ್ದು ಆ ಏರ್ಪಾಟು: ಕೇಳುವ ಜನ, ಸಂಬಳ ಕೊಟ್ಟು ಕಿರಿಯನನ್ನು ಆ ಕೆಲಸಕ್ಕೆ ಹಾಕಿದ ಕಚೇರಿ, ಒಂದರ ತಪ್ಪನ್ನು ಮುಂದಿನದರಲ್ಲಿ ತಿದ್ದುವಷ್ಟು ದೀರ್ಘ ಅವಧಿ. ಮೂರರಲ್ಲಿ ಮೊದಲನೆಯದು ವಿಲೆ ಪಾರ್ಲೆಯಲ್ಲಿ ಧಾರಾಳವಾಗಿದೆ. ಉಳಿದೆರಡು ಇಲ್ಲ.

ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಆ ಏರ್ಪಾಟನ್ನು ಸ್ವಂತವಾಗಿ ಕಟ್ಟಿಕೊಂಡ ಪ್ರಯತ್ನ. ಐಐಟಿ ಖರಗ್‌ಪುರದಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಪೂಜಾ ರೈ, ಅನಾಥಾಶ್ರಮವೊಂದರ ಮಕ್ಕಳು ಚಪ್ಪಲಿಯನ್ನೇ ಬ್ಯಾಟ್ ಮಾಡಿಕೊಂಡು ಬ್ಯಾಡ್ಮಿಂಟನ್ ಆಡುವುದನ್ನು ಕಂಡು ಗೆಳೆಯರೊಂದಿಗೆ ಹಳೆಯ ಟೈರುಗಳಿಂದ ಆಟದ ಜಾಗ ಕಟ್ಟಿದರು. ಅದೇ ಸಂಸ್ಥೆಯಾಗಿ ಬೆಳೆದು ಸರ್ಕಾರಿ ಶಾಲೆಗಳೂ ಸೇರಿದಂತೆ ದೇಶದ ಹಲವೆಡೆ ನೂರಾರು ಅಂಗಳಗಳನ್ನು ಮಾಡಿದೆ. ಟೈರುಗಳನ್ನು ತೊಳೆದು, ಬಣ್ಣ ಬಳಿದು, ಬೋಲ್ಟ್ ಹಾಕಿ ಆನೆ, ಸೇತುವೆ, ಜೋಕಾಲಿ ಮಾಡುವ ಈ ಕೆಲಸ ಅಗ್ಗ, ಬೇಗ, ಸ್ವಯಂಸೇವಕರ ಕೈಗೆ ಎಟಕುವಂಥದು. ಆದರೆ ಟೈರಿಗೆ ತೂತು ಕೊರೆಯದಿದ್ದರೆ ಮಳೆನೀರು ನಿಂತು ಸೊಳ್ಳೆ ಮರಿ ಮಾಡುತ್ತದೆ, ಬಣ್ಣ ಬಿಸಿಲಿಗೆ ಮಾಸುತ್ತದೆ, ಬೋಲ್ಟು ಸಡಿಲವಾಗುತ್ತದೆ. ಉದ್ಘಾಟನೆಯ ಫೋಟೋಗಿಂತ ಮೂರನೆಯ ಮಳೆಗಾಲದ ನಂತರದ ಸ್ಥಿತಿಯೇ ಇಂಥ ಕೆಲಸದ ನಿಜವಾದ ಪರೀಕ್ಷೆ. ಪದವಿಯ ದಿನಗಳಲ್ಲಿ ಹೊಳೆದ ಒಂದು ವಿಚಾರವನ್ನು ಆ ಪರೀಕ್ಷೆಗೆ ಒಡ್ಡುವಷ್ಟು ಕಾಲ ಬಿಡದೆ ಹಿಡಿದದ್ದೇ ಈ ಪ್ರಯತ್ನದ ದೊಡ್ಡ ಗುಣ.

ಹುಡುಗಿಯರ ಆಟದ ಪ್ರಶ್ನೆ ಇವೆಲ್ಲವುಗಳಲ್ಲೂ ಹಿಂದೆ ಉಳಿದಿದೆ. ಮುಂಬೈಯ ಸಾರ್ವಜನಿಕ ಜಾಗಗಳಲ್ಲಿ ಹೆಂಗಸರ ಪಾಲನ್ನು ಕುರಿತು ಶಿಲ್ಪಾ ಫಡಕೆ, ಸಮೀರಾ ಖಾನ್ ಮತ್ತು ವಾಸ್ತುಶಿಲ್ಪಿ ಶಿಲ್ಪಾ ರಾನಡೆ ಬರೆದ ‘ವೈ ಲಾಯ್ಟರ್?’ 2011ರಲ್ಲಿ ಬಂತು. ಕೆಲಸವಿಲ್ಲದೆ ಸುಮ್ಮನೆ ನಿಲ್ಲುವ ಹಕ್ಕೂ ಹೆಂಗಸರದು ಎಂಬುದು ಅದರ ವಾದ. ಮೈದಾನಕ್ಕೆ ಅದನ್ನು ಅನ್ವಯಿಸಿದರೆ ವಿನ್ಯಾಸದ ವಿವರಗಳೇ ಬದಲಾಗುತ್ತವೆ: ಒಂದೇ ಗೇಟಿನ ಬದಲು ಎರಡು, ಆಳೆತ್ತರದ ಗೋಡೆಯ ಬದಲು ಬೀದಿಗೆ ಕಾಣುವ ಕಂಬಿ, ನೀರಿರುವ ಶೌಚಾಲಯ, ಸಂಜೆ ಏಳರ ಮೇಲೂ ಬೆಳಕು, ಕ್ರಿಕೆಟ್ ನುಂಗಿಬಿಡದ ಹಾಗೆ ಖೋ ಖೋ, ತ್ರೋಬಾಲ್‌ಗೆ ಬೇರೆ ಹೊತ್ತು. ಇವುಗಳಲ್ಲಿ ಯಾವುದಕ್ಕೂ ಭಾರೀ ಖರ್ಚಿಲ್ಲ. ಥೀಸಿಸ್‌ಗಳಲ್ಲಿ ದೊಡ್ಡ ಛಾವಣಿಗಳಿಗೆ ಸಿಗುವ ಗಮನದ ಕಾಲುಭಾಗವೂ ಇವುಗಳಿಗೆ ಸಿಗುವುದಿಲ್ಲ ಎಂಬುದೇ ನೋವಿನ ಸಂಗತಿ.

ಉಳಿದದ್ದು ಉಸ್ತುವಾರಿ ಮತ್ತು ಸಂಭಾವನೆ. ಸಮುದಾಯದ ಕೆಲಸವೆಂದರೆ ಪುಕ್ಕಟೆ ಕೆಲಸ ಎಂಬ ಭಾವನೆ ಬೇರೂರಿದೆ. ಮನೆಯ ಬೆಂಬಲ ಇದ್ದವರು ಒಂದೆರಡು ವರ್ಷ ಅದನ್ನು ಮಾಡಬಲ್ಲರು, ಇಲ್ಲದವರು ಆರ್‌ಜಿ ಲೆಕ್ಕಕ್ಕೆ ಮರಳುತ್ತಾರೆ. ಹೀಗೆ ಬಡಾವಣೆಯ ಮೈದಾನವನ್ನು ಬಲ್ಲ ಹುಡುಗ ಹುಡುಗಿಯರೇ ಆ ಕ್ಷೇತ್ರದಿಂದ ಹೊರಬೀಳುತ್ತಾರೆ. ವಿಲೆ ಪಾರ್ಲೆ ಪೂರ್ವ ಮಹಾನಗರ ಪಾಲಿಕೆಯ ಕೆ ಈಸ್ಟ್ ವಾರ್ಡಿಗೆ, ಪಶ್ಚಿಮ ಕೆ ವೆಸ್ಟ್ ವಾರ್ಡಿಗೆ ಸೇರುತ್ತದೆ. ಈ ವಾರ್ಡುಗಳ ಉದ್ಯಾನ ವಿಭಾಗದಲ್ಲಿ ಹೊಸ ಪದವೀಧರರಿಗೆ ಸಂಬಳದ ಹುದ್ದೆ ಇದ್ದರೆ, ಕಾಲೇಜುಗಳು ಒಂದೇ ಮೈದಾನವನ್ನು ಬ್ಯಾಚಿನಿಂದ ಬ್ಯಾಚಿಗೆ ಒಪ್ಪಿಸುತ್ತ ಪ್ರತಿ ಮಳೆಗಾಲದ ನಂತರ ಅದರ ಸ್ಥಿತಿಯನ್ನು ದಾಖಲಿಸಿದರೆ, ಟೆಂಡರಿನಲ್ಲಿ ಕಟ್ಟುವ ಖರ್ಚಿನ ಪಕ್ಕದಲ್ಲೇ ಐದು ವರ್ಷದ ದುರಸ್ತಿಯ ಮೊತ್ತವೂ ನಮೂದಾದರೆ, ಸರ್ವೇಯಲ್ಲಿ ಗಳಿಸಿದ ತಿಳಿವಳಿಕೆ ನೆಲದಲ್ಲಿ ಉಳಿಯುತ್ತದೆ. ಸದ್ಯಕ್ಕೆ ಅದು ಥೀಸಿಸ್ ಸಂಪುಟಗಳಲ್ಲಿ, ಗ್ರಂಥಾಲಯದ ಕಪಾಟಿನಲ್ಲಿದೆ.