ಪೊರಿಗೆರೆಯ ಆಚಾರವ್ಯವಸ್ಥೆ: ಒಂದು ವಿಮರ್ಶೆ

ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಕ್ರಿ.ಶ. 725ರ ಸುಮಾರಿಗೆ ಪೊರಿಗೆರೆಯ, ಎಂದರೆ ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದ, ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ವಿಧಿಸಿಕೊಟ್ಟ ಆಚಾರವ್ಯವಸ್ಥೆಯ ಕನ್ನಡ ಶಾಸನವು ಸುಪ್ರಸಿದ್ಧವಾದುದು. ಅದನ್ನು ಸಂಪಾದಿಸಿದ ಬಾರ್ನೆಟ್ಟರು ಈ ನಗರದವರನ್ನು ಇಂಗ್ಲೆಂಡಿನ ಪೇಟೆಯೂರುಗಳ ರೂಢಿಯಂತೆ ‘ಬರ್ಜೆಸ್’ ಎಂದು ಕರೆದರು. ಆ ಸಾಮ್ಯವನ್ನೇ ಹಿಡಿದು ನಮ್ಮವರು ಇದನ್ನು ಪೌರ ಪ್ರಜಾಪ್ರಭುತ್ವದ ಸನ್ನದೆಂದು ಕೊಂಡಾಡುವುದುಂಟು. ಈ ಮಾತು ವಿಚಾರಣೀಯವಾಗಿದೆ.

1200ರಲ್ಲಿ ಜಾನ್ ದೊರೆಯಿಂದ ಸನ್ನದನ್ನು ಪಡೆದ ಇಪ್ಸ್‌ವಿಚ್ ಪಟ್ಟಣದ ಪೌರರು ಅದೇ ವರ್ಷ ಚರ್ಚಿನ ಅಂಗಳದಲ್ಲಿ ನೆರೆದು ತಮ್ಮ ಅಧಿಕಾರಿಗಳನ್ನು ತಾವೇ ಆರಿಸಿಕೊಂಡರು. ಪೊರಿಗೆರೆಯ ಶಾಸನದಲ್ಲಿ ಚುನಾವಣೆಯ ಮಾತಿಲ್ಲ. ಅಲ್ಲಿರುವ ವಿಷಯವೇ ಬೇರೆ. ಒಂದೊಂದು ಮನೆಯ ತೆರಿಗೆಯು ಅದರ ಅಂತಸ್ತಿಗೆ ತಕ್ಕಂತೆ ಗೊತ್ತಾಗಿದೆ. ಕಾರ್ತಿಕ ಮಾಸದಲ್ಲಿ ಶ್ರೇಣಿಗೆ ಸಲ್ಲತಕ್ಕುದನ್ನು ಹೇಳಿದೆ. ಇದರೊಡನೆ, ಹಿಂದಿನ ತಾಮ್ರಶಾಸನಗಳನ್ನೂ ಮರ್ಯಾದೆಗಳನ್ನೂ ನಡೆದುಬಂದ ಅನುಭೋಗವನ್ನೂ ರಾಜಪುರುಷರು ಕಾಪಾಡತಕ್ಕದ್ದೆಂಬ ಕಟ್ಟೂ ಇದೆ. ಊರು ತೆರಲು ಬದ್ಧವಾದಂತೆಯೇ ಅರಮನೆಯು ಕಾಯಲು ಬದ್ಧವಾಯಿತು. ಶಾಸನದ ನಿಜವಾದ ಹಿರಿಮೆ ಈ ಪರಸ್ಪರತೆಯಲ್ಲಿದೆ.

ಇಲ್ಲದ ಚುನಾವಣೆಯನ್ನು ಆರೋಪಿಸಿದರೆ ಇರುವ ಈ ಹಿರಿಮೆಯೂ ಮರೆಯಾಗುತ್ತದೆ. ಇತಿಹಾಸ ಸಂಶೋಧಕರ ಊರಾದ ಪುಣೆಯಲ್ಲಿ ನಾವು ನಾಡಿನ ಹಳಮೆಯನ್ನು ಹೇಳಹೊರಟಾಗ, ಕೇಳುವವರು ಮೂಲವನ್ನೇ ತೆರೆದು ನೋಡಬಲ್ಲರು. ಆಗ ನಮ್ಮ ಬೆಂಬಲಕ್ಕೆ ನಿಲ್ಲುವುದು ಶಾಸನದ ಅಕ್ಷರವೇ ಹೊರತು ನಮ್ಮ ಅಭಿಮಾನವಲ್ಲ.