ಡ್ರಮ್ಮಿನ ದೀರ್ಘಾಯುಷ್ಯ

ಆರಂಭಕಾಲದ ಗಣಕಯಂತ್ರಗಳ ಮೆಮೊರಿಗಳಲ್ಲಿ ರಸಿಕರ ಮೆಚ್ಚುಗೆಯೆಲ್ಲ ಕೋರ್ ಮೆಮೊರಿಗೆ ಸಲ್ಲುತ್ತದೆ. ಆದರೆ ಭಾಲ್ಕಿ, ಔರಾದ್‌ಗಳ ತಾಲ್ಲೂಕು ಕಚೇರಿಗಳವರೆಗೆ ವಂಶ ಬೆಳೆಸಿಕೊಂಡು ಬಂದದ್ದು ನಿಧಾನದ್ದೆಂಬ ದೂರು ಹೊತ್ತ ಮ್ಯಾಗ್ನೆಟಿಕ್ ಡ್ರಮ್.

ಡ್ರಮ್ ಎಂದರೆ ಕಾಂತೀಯ ಲೇಪ ಬಳಿದ, ವೇಗವಾಗಿ ತಿರುಗುವ ಲೋಹದ ಉರುಳೆ; ಅದರ ಪಕ್ಕದಲ್ಲೇ ನಿಲ್ಲಿಸಿದ ಹೆಡ್‌ಗಳು ಲೇಪದ ಪುಟ್ಟ ಭಾಗಗಳನ್ನು ಒಂದು ದಿಕ್ಕಿಗೋ ಅದರ ವಿರುದ್ಧ ದಿಕ್ಕಿಗೋ ಕಾಂತೀಕರಿಸುತ್ತವೆ, ಆ ದಿಕ್ಕುಗಳ ಅನುಕ್ರಮವನ್ನೇ ಯಂತ್ರವು 1 ಮತ್ತು 0ಗಳಾಗಿ ಓದಿಕೊಳ್ಳುತ್ತದೆ. 1955ರಲ್ಲಿ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಬಂದ, ದೇಶದ ಮೊದಲ ಡಿಜಿಟಲ್ ಗಣಕಯಂತ್ರವಾದ ಎಚ್‌ಇಸಿ-2ಎಂ ತನ್ನ ಡ್ರಮ್ಮಿನಲ್ಲಿ ಇಟ್ಟುಕೊಳ್ಳಬಲ್ಲದ್ದು ಕೇವಲ 1024 ಪದಗಳನ್ನು, ಅಂದರೆ ಅಷ್ಟೇ ಸಂಖ್ಯೆ ಅಥವಾ ಆದೇಶಗಳನ್ನು. ಬೇಕಾದ ಪದವು ತಿರುಗಿ ಹೆಡ್ಡಿನ ಕೆಳಗೆ ಬರುವವರೆಗೆ ಯಂತ್ರವು ಸುಮ್ಮನೆ ಕಾಯಬೇಕಿತ್ತಾದ್ದರಿಂದ, ಒಂದು ಆದೇಶ ಮುಗಿಯುವ ಹೊತ್ತಿಗೆ ಮುಂದಿನದು ಸರಿಯಾಗಿ ಎದುರಾಗುವಂತೆ ಅವುಗಳನ್ನು ಉರುಳೆಯ ಸುತ್ತ ಹಂಚಿಡುವ ಲೆಕ್ಕಾಚಾರವೇ ಆ ಕಾಲದ ಪ್ರೋಗ್ರಾಮರ್‌ಗಳ ಜಾಣ್ಮೆಯ ಒರೆಗಲ್ಲಾಗಿತ್ತು.

ಪಾದರಸದ ಕೊಳವೆಯಲ್ಲಿ ಶಬ್ದತರಂಗಗಳನ್ನು ಸುತ್ತಿಸುತ್ತಿದ್ದ, 1949ರ ಕೇಂಬ್ರಿಜ್‌ನ ಎಡ್ಸ್ಯಾಕ್‌ನಂಥ ಯಂತ್ರಗಳ ವಿಧಾನ ಬಹುಕಾಲ ಉಳಿಯಲಿಲ್ಲ. ಅದನ್ನು ಬದಿಗೆ ಸರಿಸಿದ ಕೋರ್ ಮೆಮೊರಿಯು ಫೆರೈಟ್ ಎಂಬ ಕಾಂತೀಯ ಪಿಂಗಾಣಿಯ ಸಣ್ಣ ಉಂಗುರಗಳ ಜಾಲರಿ; ಅಡ್ಡ ಮತ್ತು ನೀಟ ತಂತಿಗಳೆರಡರಲ್ಲೂ ಅರ್ಧರ್ಧ ವಿದ್ಯುತ್ ಹರಿಸಿದಾಗ ಅವು ಸಂಧಿಸುವ ಉಂಗುರಕ್ಕೆ ಮಾತ್ರ ಪೂರ್ಣ ಪ್ರವಾಹ ದೊರೆತು ಅದರ ಕಾಂತೀಯ ದಿಕ್ಕು ಹೊರಳುತ್ತದೆ. ಓದಿದೊಡನೆ ಅಳಿಸಿಹೋಗುವುದರಿಂದ ಮತ್ತೆ ಬರೆಯಬೇಕೆಂಬ ಕೊರತೆ ಅದಕ್ಕಿದ್ದರೂ, ಯಾವ ಉಂಗುರವನ್ನಾದರೂ ಕಾಯದೆ ತಲುಪಬಹುದೆಂಬುದು ಮತ್ತು ವಿದ್ಯುತ್ ಹೋದರೂ ದತ್ತಾಂಶ ಉಳಿಯುತ್ತದೆಂಬುದು ಸಣ್ಣ ಸಾಧನೆಯಲ್ಲ. 1960ರಲ್ಲಿ ಮುಂಬಯಿಯಲ್ಲಿ ಸಿದ್ಧವಾದ ಸ್ವದೇಶಿ ಯಂತ್ರ ಟಿಫ್ರ್ಯಾಕ್ ಇದನ್ನೇ ಬಳಸಿತು. ಕೂದಲೆಳೆಯಂಥ ತಂತಿಯನ್ನು ಉಂಗುರಗಳಲ್ಲಿ ಪೋಣಿಸುವ ಕೆಲಸ ಬಹುಮಟ್ಟಿಗೆ ಕೈಯಿಂದಲೇ ನಡೆಯುತ್ತಿದ್ದುದರಿಂದ, ಕೊರೆದ ಗೆರೆಗಳಲ್ಲಿ ಬೆಳ್ಳಿತಂತಿ ಕೂರಿಸುವ ಬೀದರ್ ನಗರದ ಬಿದರಿ ಕುಶಲಕರ್ಮಿಗಳಿಗೆ ಆ ಶ್ರಮದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಈ ಕೈಗೆಲಸವೇ ಅದಕ್ಕೆ ಮುಳುವಾಯಿತೆನ್ನಬೇಕು. 1970ರಲ್ಲಿ ಇಂಟೆಲ್‌ನ 1103 ಎಂಬ ಚಿಪ್ 1024 ಬಿಟ್‌ಗಳನ್ನು ಸಿಲಿಕಾನ್ ತುಣುಕಿನಲ್ಲಿ ಹಿಡಿದಿಟ್ಟಿತು. ಅದರ ವಿದ್ಯುದಾವೇಶ ಸೋರಿಹೋಗುತ್ತಿದ್ದುದರಿಂದ ಮತ್ತೆ ಮತ್ತೆ ತುಂಬಬೇಕಿತ್ತು, ಆದರೂ ಅಗ್ಗದ ಬೆಲೆ ಗೆದ್ದಿತು.

ಡ್ರಮ್ ಅಷ್ಟರಲ್ಲೇ ರೂಪ ಬದಲಿಸಿಕೊಂಡಿತ್ತು. 1956ರಲ್ಲಿ ಐಬಿಎಂ ಸಂಸ್ಥೆಯು ಅದೇ ಕಾಂತೀಯ ಲೇಪವನ್ನು 50 ತಟ್ಟೆಗಳ ಮೇಲೆ ಹರಡಿ 50 ಲಕ್ಷ ಅಕ್ಷರಗಳಿಗೆ ಜಾಗ ಮಾಡಿತು. ಅದು ಮೊದಲ ಹಾರ್ಡ್ ಡಿಸ್ಕ್. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯು ಗ್ರಾಮಲೆಕ್ಕಿಗರ ಕೈಬರಹದ ಸುಮಾರು 2 ಕೋಟಿ ಪಹಣಿಗಳನ್ನು ರಾಜ್ಯದ ತಾಲ್ಲೂಕು ಕಚೇರಿಗಳ ಗಣಕಯಂತ್ರಗಳಿಗೆ ಏರಿಸಿದಾಗ ಔರಾದ್, ಭಾಲ್ಕಿಗಳ ಹೊಲಗಳ ಲೆಕ್ಕವೂ ಇಂಥ ತಟ್ಟೆಗಳನ್ನೇ ಸೇರಿತು. ಡ್ರಮ್ಮಿನ ಹಳೆಯ ದೋಷವೂ ಜೊತೆಗೇ ಬಂದಿದೆ: ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿಯೂ ಬೇಕಾದ ಭಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡು ಕಾಯಬೇಕು.